ಬೆರಳಿಗೆ ಬಂದದ್ದು ತಲೆಗೂ ಬರಬೇಕಾದರೆ: ಆನ್‌ಲೈನ್ ಕಲಿಕೆ, ಡಿಜಿಟಲ್ ಸಾಕ್ಷರತೆ ಮತ್ತು ಗ್ರಂಥಾಲಯ

2020ರ ಏಪ್ರಿಲ್ ಹೊತ್ತಿಗೆ ಜಗತ್ತಿನ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲಾ ಕಾಲೇಜುಗಳು ಬಾಗಿಲು ಮುಚ್ಚಿದ್ದವು. ಯುನೆಸ್ಕೊ ಲೆಕ್ಕದ ಪ್ರಕಾರ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ತರಗತಿಯಿಂದ ಹೊರಗುಳಿದರು. ಪಾಠ ಮನೆಗೆ ಬಂತು. ಅದರ ಬೆನ್ನಿಗೇ ಲಾಗಿನ್, ಲಿಂಕ್, ಅಪ್‌ಲೋಡ್, ಪಿಡಿಎಫ್ ಮುಂತಾದ ಪದಗಳು ಅವನ್ನು ಅದುವರೆಗೆ ಆಡದವರ ಬಾಯಿಗೂ ಬಂದವು. ಶಾಲೆಗಳು ಮತ್ತೆ ತೆರೆದರೂ ಆ ಪದಗಳು ಬಂದ ದಾರಿಯಲ್ಲಿ ಹಿಂದಿರುಗಲಿಲ್ಲ. ಪ್ರವೇಶದ ಅರ್ಜಿ, ಮನೆಗೆಲಸದ ಸಲ್ಲಿಕೆ, ಪರೀಕ್ಷೆಯ ಫಲಿತಾಂಶ, ಗ್ರಂಥಾಲಯದ ಪುಸ್ತಕ ಇವೆಲ್ಲ ಇಂದು ಮೊದಲು ಕಾಣಿಸಿಕೊಳ್ಳುವುದು ಪರದೆಯ ಮೇಲೆಯೇ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲಂತೂ, ಕೇಳಿದ ಪ್ರಶ್ನೆಗೆ ಕ್ಷಣಮಾತ್ರದಲ್ಲಿ ಉತ್ತರ ಬರೆದುಕೊಡುವ ಯಂತ್ರವೂ ವಿದ್ಯಾರ್ಥಿಯ ಮೇಜಿಗೆ ಬಂದು ಕುಳಿತಿದೆ.

ಈ ನಡುವೆ ‘ಆನ್‌ಲೈನ್ ಕಲಿಕೆ’ ಮತ್ತು ‘ಡಿಜಿಟಲ್ ಸಾಕ್ಷರತೆ’ ಎಂಬ ಎರಡು ಮಾತುಗಳು ಎಲ್ಲೆಡೆ ಕೇಳಿಬರುತ್ತವೆ. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ ಮಂದಿ. ಮೊಬೈಲಿನಲ್ಲಿ ಪಾಠ ತೆರೆಯಲು ಬಂದರೆ ಎರಡೂ ಕೈಸೇರಿದವು ಎಂಬ ಭಾವನೆಯೂ ಇದೆ. ಪಾಠ ತೆರೆಯುವುದು, ಪಾಠ ಕಲಿಯುವುದು, ಕಂಡದ್ದನ್ನು ತೂಗಿ ನೋಡುವುದು ಇವು ಮೂರು ಬೇರೆ ಬೇರೆ ಕೆಲಸಗಳು. ಒಂದು ಬಂದವರಿಗೆ ಇನ್ನೊಂದು ತಾನಾಗಿ ಬರುವುದಿಲ್ಲ ಏಕೆಂಬುದನ್ನು ಬುಡದಿಂದ ನೋಡೋಣ.

ಎರಡು ಮಾತು, ಎರಡು ಅರ್ಥ

ಅಂತರ್ಜಾಲದ ಮೂಲಕ ನಡೆಯುವ ಬೋಧನೆ ಮತ್ತು ಅಧ್ಯಯನವೇ ಆನ್‌ಲೈನ್ ಕಲಿಕೆ. ಶಿಕ್ಷಕರೂ ವಿದ್ಯಾರ್ಥಿಗಳೂ ಒಂದೇ ಹೊತ್ತಿಗೆ ಪರದೆಯ ಮುಂದೆ ಕೂರುವ ನೇರ ತರಗತಿ ಅದರ ಒಂದು ಬಗೆ. ಮೊದಲೇ ಧ್ವನಿಮುದ್ರಿಸಿಟ್ಟ ಪಾಠ, ಓದುವ ಸಾಮಗ್ರಿ ಮತ್ತು ಅಭ್ಯಾಸದ ಪ್ರಶ್ನೆಗಳನ್ನು ವಿದ್ಯಾರ್ಥಿ ತನಗೆ ಬಿಡುವಾದಾಗ ನೋಡಿಕೊಳ್ಳುವುದು ಇನ್ನೊಂದು. ತರಗತಿಯ ಪಾಠದೊಂದಿಗೆ ಇವನ್ನು ಬೆರೆಸಿದರೆ ಅದು ಮಿಶ್ರ ಕಲಿಕೆ. ಆನ್‌ಲೈನ್ ಕಲಿಕೆಗೆಂದೇ ತಿಂಗಳುಗಟ್ಟಲೆ ಯೋಚಿಸಿ ರೂಪಿಸಿದ ಕೋರ್ಸಿಗೂ, ಶಾಲೆ ಮುಚ್ಚಿತೆಂದು ಮರುದಿನವೇ ಕ್ಯಾಮೆರಾ ಮುಂದೆ ನಿಂತು ಮಾಡಿದ ಪಾಠಕ್ಕೂ ಬಹಳ ಅಂತರವಿದೆ ಎಂಬುದನ್ನು ಇಲ್ಲಿ ಮರೆಯಬಾರದು. ಎರಡನೆಯದು ತುರ್ತಿನ ಏರ್ಪಾಡು. ಅದರ ಅನುಭವದಿಂದ ಇಡೀ ಆನ್‌ಲೈನ್ ಕಲಿಕೆಯನ್ನು ಅಳೆದರೆ ಲೆಕ್ಕ ತಪ್ಪುತ್ತದೆ.

ಡಿಜಿಟಲ್ ಸಾಕ್ಷರತೆ ಎಂಬ ಮಾತು ವ್ಯಾಪಕವಾಗಿ ಬಳಕೆಗೆ ಬಂದದ್ದು 1997ರಲ್ಲಿ ಅಮೆರಿಕದ ಲೇಖಕ ಪಾಲ್ ಗಿಲ್‌ಸ್ಟರ್ ಅದೇ ಹೆಸರಿನ ಪುಸ್ತಕವನ್ನು ಪ್ರಕಟಿಸಿದ ನಂತರ. ಯಾವ ಗುಂಡಿಯನ್ನು ಒತ್ತಬೇಕೆಂಬ ತಿಳಿವಳಿಕೆಗಿಂತ, ಪರದೆಯ ಮೇಲೆ ಬಂದದ್ದನ್ನು ಅರ್ಥಮಾಡಿಕೊಂಡು ತೂಗಿ ನೋಡುವ ಶಕ್ತಿಗೆ ಅವರು ಹೆಚ್ಚು ಒತ್ತು ಕೊಟ್ಟಿದ್ದರು. ಯುರೋಪಿಯನ್ ಕಮಿಷನ್ 2013ರಲ್ಲಿ ಮೊದಲು ಪ್ರಕಟಿಸಿದ ‘ಡಿಜಿಕಾಂಪ್’ ಎಂಬ ಚೌಕಟ್ಟು ಇದನ್ನು ಐದು ಕ್ಷೇತ್ರಗಳಾಗಿ ವಿಂಗಡಿಸುತ್ತದೆ: ಮಾಹಿತಿಯನ್ನು ಹುಡುಕಿ ಪರಿಶೀಲಿಸುವುದು, ಇತರರೊಡನೆ ಸಂವಹನ ನಡೆಸುವುದು, ಹೊಸದನ್ನು ರಚಿಸುವುದು, ಸುರಕ್ಷಿತವಾಗಿರುವುದು, ಎದುರಾದ ತೊಡಕನ್ನು ಬಿಡಿಸಿಕೊಳ್ಳುವುದು.

ಕಾಗದದ ಜಗತ್ತಿನಲ್ಲೇ ಇದಕ್ಕೊಂದು ಹೋಲಿಕೆ ಸಿಗುತ್ತದೆ. ಅಕ್ಷರಗಳನ್ನು ಕೂಡಿಸಿ ಓದಲು ಬರುವ ವ್ಯಕ್ತಿಯ ಮುಂದೆ ಒಂದು ಕರಾರುಪತ್ರ ಇಟ್ಟರೆ ಅವರು ಅದನ್ನು ತಡವರಿಸದೆ ಓದಿಯಾರು. ಆದರೆ ಯಾವ ಷರತ್ತು ತಮ್ಮನ್ನು ಕಟ್ಟಿಹಾಕುತ್ತದೆ, ಯಾವ ಸಾಲು ಬೇಕೆಂದೇ ಸಣ್ಣ ಅಕ್ಷರದಲ್ಲಿದೆ, ಸಹಿ ಹಾಕುವ ಮೊದಲು ಯಾರನ್ನು ಕೇಳಬೇಕು ಎಂಬುದು ತಿಳಿಯದಿದ್ದರೆ ಆ ಓದು ಅವರನ್ನು ಕಾಯುವುದಿಲ್ಲ. ಪರದೆಯ ಮುಂದೆಯೂ ಇದೇ ಕಥೆ.

ಒಂದು ಅರ್ಜಿ, ಒಂದು ಫೋಟೊ, ಇನ್ನೂರು ಕೆಬಿ

ಸಾಮಾನ್ಯ ಓದುಗರಿಗೆ ಡಿಜಿಟಲ್ ಸಾಕ್ಷರತೆಯ ಕೊರತೆ ಮೊದಲು ತಟ್ಟುವುದು ತತ್ತ್ವದ ರೂಪದಲ್ಲಲ್ಲ, ಒಂದು ಕೆಂಪು ಸಾಲಿನ ರೂಪದಲ್ಲಿ. ಆನ್‌ಲೈನ್ ಅರ್ಜಿಯಲ್ಲಿ ‘ಫೋಟೊ 200 ಕೆಬಿ ಮೀರಬಾರದು’ ಎಂದಿರುತ್ತದೆ. ಅರ್ಜಿದಾರರು ಫೋನಿನಲ್ಲಿ ತೆಗೆದ ಚಿತ್ರವನ್ನು ಹಾಕುತ್ತಾರೆ. ‘ಫೈಲ್ ದೊಡ್ಡದಾಗಿದೆ’ ಎಂದು ಕೆಂಪು ಅಕ್ಷರ ಮೂಡುತ್ತದೆ. ಚಿತ್ರವನ್ನು ಬೆರಳಿನಿಂದ ಕಿರಿದು ಮಾಡಿ ನೋಡುತ್ತಾರೆ, ಮತ್ತೆ ಹಾಕುತ್ತಾರೆ, ಮತ್ತೆ ಅದೇ ಸಾಲು.

ಇಲ್ಲಿ ಆಗಿರುವುದು ಇಷ್ಟು. ಕೆಬಿ ಮತ್ತು ಎಂಬಿ ಎಂಬವು ಫೈಲಿನ ತೂಕದ ಅಳತೆಗಳು. ಸ್ಥೂಲವಾಗಿ ಒಂದು ಎಂಬಿ ಎಂದರೆ ಸಾವಿರ ಕೆಬಿ. ಫೋನಿನ ಚಿತ್ರ 4 ಎಂಬಿ ಇದ್ದರೆ ಅದು ಅರ್ಜಿ ಕೇಳಿದ್ದಕ್ಕಿಂತ ಇಪ್ಪತ್ತು ಪಟ್ಟು ಭಾರ. ಬೆರಳಿನಿಂದ ಕಿರಿದು ಮಾಡಿದಾಗ ಬದಲಾಗುವುದು ನೋಟ ಮಾತ್ರ; ಫೈಲು ಇದ್ದಂತೆಯೇ ಇರುತ್ತದೆ. ಚಿತ್ರವು ಚುಕ್ಕಿಗಳಿಂದಾದದ್ದು. ಅಗಲಕ್ಕೆ 4000, ಎತ್ತರಕ್ಕೆ 3000 ಚುಕ್ಕಿಗಳಿರುವ ಚಿತ್ರದಲ್ಲಿ ಒಟ್ಟು 1.2 ಕೋಟಿ ಚುಕ್ಕಿಗಳಿರುತ್ತವೆ. ಅದನ್ನು 1000 ಮತ್ತು 750ಕ್ಕೆ ಇಳಿಸಿದರೆ ಉಳಿಯುವುದು ಏಳೂವರೆ ಲಕ್ಷ, ಅಂದರೆ ಹದಿನಾರನೇ ಒಂದು ಪಾಲು. ತೂಕವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಫೋನಿನಲ್ಲೇ ಇರುವ ಚಿತ್ರ ತಿದ್ದುವ ಸೌಲಭ್ಯದಲ್ಲಿ ‘ರೀಸೈಜ್’ ಎಂಬ ಆಯ್ಕೆಯಿದ್ದರೆ ಅದು ಮಾಡುವ ಕೆಲಸ ಇದೇ.

ಇಲ್ಲಿಗೇ ಮುಗಿಯಲಿಲ್ಲ. ಗಡುವಿನ ದಿನ ಗಾಬರಿಯಲ್ಲಿ ಹಲವರು ‘ಫೈಲ್ ಚಿಕ್ಕದು ಮಾಡುವುದು ಹೇಗೆ’ ಎಂದು ಹುಡುಕಿ, ಮೊದಲು ಕಂಡ ಯಾವುದೋ ಜಾಲತಾಣಕ್ಕೆ ತಮ್ಮ ಗುರುತಿನ ಚೀಟಿಯನ್ನು, ಅಂಕಪಟ್ಟಿಯನ್ನು ಏರಿಸಿಬಿಡುತ್ತಾರೆ. ಕೆಲಸ ಆಗುತ್ತದೆ, ಆದರೆ ದಾಖಲೆಯ ಪ್ರತಿಯೊಂದು ಅಪರಿಚಿತರ ಗಣಕಯಂತ್ರವನ್ನು ತಲುಪಿರುತ್ತದೆ. ಹೀಗೆ ಐದು ನಿಮಿಷದ ಒಂದು ಕೆಲಸದೊಳಗೆ ತೊಡಕು ಬಿಡಿಸುವುದು, ಮಾಹಿತಿ ಹುಡುಕುವುದು, ಸುರಕ್ಷತೆ ಎಂಬ ಮೂರು ಕ್ಷೇತ್ರಗಳು ಹೆಣೆದುಕೊಂಡಿವೆ.

ಸಾಧನ ಇದ್ದವರು, ಇಲ್ಲದವರು, ಇದ್ದೂ ಇಲ್ಲದಂತಿರುವವರು

ಡಿಜಿಟಲ್ ಅಂತರ ಎಂದೊಡನೆ ನಮಗೆ ನೆನಪಾಗುವುದು ಸಂಪರ್ಕವೇ ಇಲ್ಲದವರು. ಅವರ ಸಂಖ್ಯೆ ಸಣ್ಣದಲ್ಲ. 3ರಿಂದ 17 ವರ್ಷದೊಳಗಿನ ಮಕ್ಕಳಲ್ಲಿ ಮೂರನೇ ಎರಡು ಭಾಗಕ್ಕೆ, ಅಂದರೆ 130 ಕೋಟಿ ಮಕ್ಕಳಿಗೆ, ಮನೆಯಲ್ಲಿ ಅಂತರ್ಜಾಲವಿಲ್ಲ ಎಂದು ಯುನಿಸೆಫ್ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳು 2020ರ ಕೊನೆಯಲ್ಲಿ ವರದಿ ಮಾಡಿದವು. ಅದೇ ಒಕ್ಕೂಟದ ಅಂದಾಜಿನಂತೆ 2024ರಲ್ಲಿ ಅಂತರ್ಜಾಲ ಬಳಸದವರು ಸುಮಾರು 260 ಕೋಟಿ.

ಸಂಪರ್ಕ ಸಿಕ್ಕವರ ನಡುವೆಯೂ ಎರಡನೆಯ ಅಂತರವೊಂದಿದೆ. ಅಕ್ಕ, ತಮ್ಮ, ತಂದೆ ಮೂವರಿಗೂ ಸೇರಿ ಒಂದೇ ಫೋನು ಇರುವ ಮನೆಯ ಹುಡುಗನೂ, ಸ್ವಂತ ಕಂಪ್ಯೂಟರು ಮತ್ತು ಪ್ರತ್ಯೇಕ ಕೋಣೆ ಇರುವ ಹುಡುಗನೂ ಅಂಕಿ ಅಂಶದಲ್ಲಿ ‘ಸಂಪರ್ಕ ಉಳ್ಳವರು’ ಎಂದೇ ಎಣಿಕೆಯಾಗುತ್ತಾರೆ. ನಾಲ್ಕು ಪುಟದ ಪ್ರಬಂಧವನ್ನು ಅಂಗೈಯಗಲದ ಪರದೆಯಲ್ಲಿ ಹೆಬ್ಬೆರಳಿನಿಂದ ಬರೆಯಲು ಹೊರಟವರಿಗೆ ಈ ವ್ಯತ್ಯಾಸ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಕಣ್ಣಿಗೆ ಕಾಣದ ಅಂತರ. ಕಂಪ್ಯೂಟರ್ ಯುಗದಲ್ಲೇ ಹುಟ್ಟಿ ಬೆಳೆದವರನ್ನು 2001ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಪ್ರೆನ್‌ಸ್ಕಿ ‘ಡಿಜಿಟಲ್ ಮೂಲನಿವಾಸಿಗಳು’ ಎಂಬರ್ಥದ ಹೆಸರಿನಿಂದ ಕರೆದರು. ಆ ಹೆಸರು ಎಷ್ಟು ಹರಡಿತೆಂದರೆ, ಮಕ್ಕಳಿಗೆ ಇದನ್ನೆಲ್ಲ ಕಲಿಸಬೇಕಾಗಿಯೇ ಇಲ್ಲ ಎಂಬ ನಂಬಿಕೆ ಬೇರೂರಿತು. ಅಳೆದು ನೋಡಿದಾಗ ಚಿತ್ರ ಬೇರೆಯೇ ಇತ್ತು. ಎಂಟನೇ ತರಗತಿಯ ವಿದ್ಯಾರ್ಥಿಗಳ ಕಂಪ್ಯೂಟರ್ ಮತ್ತು ಮಾಹಿತಿ ಸಾಕ್ಷರತೆಯನ್ನು ಹಲವು ದೇಶಗಳಲ್ಲಿ ಪರೀಕ್ಷಿಸುವ ‘ಐಸಿಐಎಲ್‌ಎಸ್’ ಅಧ್ಯಯನದ 2018ರ ಸುತ್ತಿನಲ್ಲಿ, ಆನ್‌ಲೈನ್ ಮಾಹಿತಿಯನ್ನು ವಿಮರ್ಶಿಸಿ ನೋಡಬಲ್ಲ ಅತ್ಯುನ್ನತ ಹಂತ ತಲುಪಿದವರು ಶೇ 2ರಷ್ಟು ಮಾತ್ರ. ನೀರಿನ ಪಕ್ಕ ಹುಟ್ಟಿದವರಿಗೆಲ್ಲ ಈಜು ಬರುವುದಿಲ್ಲ, ಇಳಿಸಿ ಕಲಿಸಬೇಕಾಗುತ್ತದೆ.

ವಿಡಿಯೊ ನೋಡಿದರೆ ಕಲಿತಂತೆಯೇ?

ದೂರದಿಂದ ಕಲಿಸುವ ಪ್ರಯತ್ನ ಹಳೆಯದು. ಇಲಿನಾಯ್ ವಿಶ್ವವಿದ್ಯಾಲಯದ ‘ಪ್ಲೇಟೊ’ ಎಂಬ ಕಂಪ್ಯೂಟರ್ ಬೋಧನಾ ವ್ಯವಸ್ಥೆ 1960ರಲ್ಲಿ ಆರಂಭವಾಯಿತು. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಅಂಚೆ ಮತ್ತು ಪ್ರಸಾರ ಮಾಧ್ಯಮಗಳ ಮೂಲಕವೇ ಪದವಿ ಪಾಠ ಮಾಡಿತು. ತನ್ನ ಕೋರ್ಸುಗಳ ಸಾಮಗ್ರಿಯನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವುದಾಗಿ ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿ 2001ರಲ್ಲಿ ಘೋಷಿಸಿತು. ಯಾರು ಬೇಕಾದರೂ ಸೇರಬಹುದಾದ ಬೃಹತ್ ಮುಕ್ತ ಕೋರ್ಸುಗಳಿಗೆ ‘ಮೂಕ್’ ಎಂಬ ಹೆಸರು ಬಂದದ್ದು 2008ರಲ್ಲಿ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಒಂದು ಕೋರ್ಸಿಗೆ ಸುಮಾರು 1.6 ಲಕ್ಷ ಮಂದಿ ಹೆಸರು ನೋಂದಾಯಿಸಿದಾಗ, ವಿಶ್ವವಿದ್ಯಾಲಯಗಳ ಕಟ್ಟಡಗಳೇ ಇನ್ನು ಬೇಡ ಎನ್ನುವವರೂ ಇದ್ದರು.

ಆ ಉತ್ಸಾಹವನ್ನು ಒಂದು ಲೆಕ್ಕ ತಣ್ಣಗಾಗಿಸಿತು. ಹಾರ್ವರ್ಡ್ ಮತ್ತು ಎಂಐಟಿ ಸಂಸ್ಥೆಗಳು 2012–13ರಲ್ಲಿ ನಡೆಸಿದ 17 ಆನ್‌ಲೈನ್ ಕೋರ್ಸುಗಳಿಗೆ ಬಂದ ನೋಂದಣಿಗಳು 8,41,687. ಪ್ರಮಾಣಪತ್ರ ಪಡೆದವರು 43,196, ಅಂದರೆ ಸುಮಾರು ಶೇ 5. ಈ ಕೋರ್ಸುಗಳು ನಡೆದ ‘ಎಡ್‌ಎಕ್ಸ್’ ಎಂಬ ಆನ್‌ಲೈನ್ ವೇದಿಕೆಯ ನಂತರದ ವರ್ಷಗಳ ದತ್ತಾಂಶವನ್ನು ನೋಡಿದ 2019ರ ಒಂದು ವಿಶ್ಲೇಷಣೆಯಲ್ಲಿ, ಹೆಸರು ಬರೆಸಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಕೋರ್ಸಿನ ಒಳಗೇ ಕಾಲಿಟ್ಟಿರಲಿಲ್ಲ ಎಂದು ಕಂಡುಬಂತು. ಇದನ್ನು ಪೂರ್ತಿ ಸೋಲೆಂದು ಓದಬೇಕಾಗಿಲ್ಲ. ಗ್ರಂಥಾಲಯದ ಕಪಾಟಿನಿಂದ ಪುಸ್ತಕ ತೆಗೆದು ನಾಲ್ಕು ಪುಟ ತಿರುವಿ ಮತ್ತೆ ಅಲ್ಲೇ ಇಡುವವರನ್ನು ನಾವು ಅನುತ್ತೀರ್ಣರೆಂದು ಎಣಿಸುವುದಿಲ್ಲ. ನೋಂದಣಿಯ ಗುಂಡಿ ಒತ್ತುವುದೂ ಹಲವರಿಗೆ ಅಷ್ಟೇ ಹಗುರವಾದ ಕೆಲಸ. ಆದರೂ ಮುಗಿಸಲೇಬೇಕೆಂದು ಹೊರಟವರಲ್ಲೂ ಬಹಳಷ್ಟು ಮಂದಿ ನಡುದಾರಿಯಲ್ಲಿ ನಿಲ್ಲುವುದೇಕೆ?

ಒಂದು ಕಾರಣ ವಿಡಿಯೊದಲ್ಲೇ ಇದೆ. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆ ‘ಎಡ್‌ಎಕ್ಸ್’ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ 69 ಲಕ್ಷ ಬಾರಿ ವಿಡಿಯೊ ನೋಡಿದ ದಾಖಲೆಗಳನ್ನು ಪರಿಶೀಲಿಸಿತು. ವಿಡಿಯೊ ಎಷ್ಟೇ ಉದ್ದವಿರಲಿ, ನೋಡುಗರು ಅದನ್ನು ನೋಡುತ್ತ ಉಳಿಯುವ ಸಮಯದ ಮಧ್ಯಮ ಅಳತೆ (ಅರ್ಧದಷ್ಟು ಬಾರಿ ಇದಕ್ಕಿಂತ ಕಡಿಮೆ, ಅರ್ಧದಷ್ಟು ಬಾರಿ ಹೆಚ್ಚು) ಆರು ನಿಮಿಷ ದಾಟಲಿಲ್ಲ. ತರಗತಿಯ ಮುಕ್ಕಾಲು ಗಂಟೆಯ ಉಪನ್ಯಾಸವನ್ನು ಹಾಗೆಯೇ ಚಿತ್ರೀಕರಿಸಿ ಹಾಕಿದರೆ ಪಾಠ ಆಗದು ಎನ್ನಲು ಇಷ್ಟು ಸಾಕು.

ಇನ್ನೊಂದು ಕಾರಣ ಇನ್ನೂ ಆಳದ್ದು. ನಮ್ಮ ಮನಸ್ಸು ನಮಗೇ ಮಾಡುವ ಮೋಸ ಅದು. ಚೆನ್ನಾಗಿ ವಿವರಿಸಿದ ವಿಡಿಯೊ ನೋಡುವಾಗ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ. ಆ ಅನ್ನಿಸಿಕೆ ನೆನಪಾಗಿ ಉಳಿಯುವುದೇ ಎಂಬುದನ್ನು ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಸೂರ್ಯನ ಬಗ್ಗೆ ಒಂದು, ಸಮುದ್ರದ ನೀರುನಾಯಿಗಳ ಬಗ್ಗೆ ಒಂದು, ಹೀಗೆ ಎರಡು ಚಿಕ್ಕ ಬರಹಗಳನ್ನು ಕೊಡಲಾಯಿತು. ಒಂದನ್ನು ಎರಡು ಬಾರಿ ಓದಬೇಕು. ಇನ್ನೊಂದನ್ನು ಒಮ್ಮೆ ಓದಿ, ಮಡಚಿಟ್ಟು, ನೆನಪಿದ್ದಷ್ಟನ್ನು ಬರೆಯಬೇಕು. ಐದು ನಿಮಿಷದ ನಂತರ ಕೇಳಿದಾಗ ಎರಡು ಬಾರಿ ಓದಿದ್ದು ಮುಂದಿತ್ತು: ಶೇ 81 ನೆನಪು, ಒಮ್ಮೆ ಓದಿ ಬರೆದದ್ದು ಶೇ 75. ಒಂದು ವಾರ ಬಿಟ್ಟು ಕೇಳಿದಾಗ ತಕ್ಕಡಿ ತಿರುಗಿತ್ತು. ಎರಡು ಬಾರಿ ಓದಿದ್ದರಲ್ಲಿ ಉಳಿದದ್ದು ಶೇ 42. ಓದಿ, ಮುಚ್ಚಿ, ನೆನಪಿನಿಂದ ಬರೆದದ್ದರಲ್ಲಿ ಶೇ 56.

ಆನ್‌ಲೈನ್ ಕಲಿಕೆಗೆ ಇದರ ಅರ್ಥ ನೇರವಾಗಿದೆ. ಹಿಂದಕ್ಕೆ ಎಳೆದು ಎಷ್ಟು ಸಲ ಬೇಕಾದರೂ ನೋಡಬಹುದು ಎಂಬುದೇ ವಿಡಿಯೊ ಪಾಠದ ಹೆಗ್ಗಳಿಕೆ. ಅದೇ ಅದರ ಬಲೆ ಕೂಡ. ಮತ್ತೆ ನೋಡುವ ಬದಲು ಆರು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸಿ, ಪರದೆಯಿಂದ ಕಣ್ಣು ತೆಗೆದು, ಈಗ ಕೇಳಿದ್ದನ್ನು ಖಾಲಿ ಹಾಳೆಯ ಮೇಲೆ ತಮ್ಮ ಮಾತಿನಲ್ಲಿ ಬರೆಯಲು ಕುಳಿತವರಿಗೆ ಪಾಠ ಕಷ್ಟವೆನಿಸುತ್ತದೆ, ನಿಧಾನವೆನಿಸುತ್ತದೆ, ಆದರೆ ಹೆಚ್ಚು ಕಾಲ ಉಳಿಯುತ್ತದೆ. ಒಳ್ಳೆಯ ಆನ್‌ಲೈನ್ ಕೋರ್ಸುಗಳು ವಿಡಿಯೊದ ನಡುನಡುವೆ ಸಣ್ಣ ಪ್ರಶ್ನೆಗಳನ್ನು ಇಡುವುದು ಇದಕ್ಕಾಗಿಯೇ. ಅಂಕ ಕೊಡುವುದು ಅಲ್ಲಿ ಎರಡನೆಯ ಮಾತು.

ಓದಿನ ವಿಷಯಕ್ಕೂ ಒಂದು ಮಾತು ಸೇರಿಸಬೇಕು. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, ಒಟ್ಟು 1.7 ಲಕ್ಷಕ್ಕೂ ಹೆಚ್ಚು ಓದುಗರನ್ನು, ಒಟ್ಟಾಗಿ ನೋಡಿದ 2018ರ ಒಂದು ವಿಶ್ಲೇಷಣೆಯ ಪ್ರಕಾರ, ಮಾಹಿತಿಪ್ರಧಾನ ಬರಹವನ್ನು ಅವಸರದಲ್ಲಿ ಓದುವಾಗ ಪರದೆಗಿಂತ ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗುತ್ತದೆ. ಕಥನದ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಾದಂಬರಿಯನ್ನು ಫೋನಿನಲ್ಲಿ ಓದುವವರು ಚಿಂತಿಸಬೇಕಾಗಿಲ್ಲ. ನಾಳೆಯ ಪರೀಕ್ಷೆಗೆ ಓದುವವರು ಮುಖ್ಯ ಪುಟಗಳನ್ನು ಮುದ್ರಿಸಿಕೊಂಡರೆ ಒಳ್ಳೆಯದು.

ಹುಡುಕಿದ್ದು ಸಿಗುವುದು ಹೇಗೆ?

ಸರ್ಚ್ ಎಂಜಿನ್‌ನಲ್ಲಿ ಪದ ಹಾಕಿದಾಗ ಅದು ಆ ಕ್ಷಣದಲ್ಲಿ ಇಡೀ ಅಂತರ್ಜಾಲವನ್ನು ಜಾಲಾಡುವುದಿಲ್ಲ. ಅದು ಮೊದಲೇ ಕೊಂಡಿಯಿಂದ ಕೊಂಡಿಗೆ ಹೋಗಿ ಪುಟಗಳನ್ನು ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ನೆನೆಸಿಕೊಳ್ಳಬಹುದು. ಹುಡುಕಿದಾಗ ಆ ಸೂಚಿಯಿಂದ ಪುಟಗಳನ್ನು ಹೆಕ್ಕಿ ಒಂದು ಕ್ರಮದಲ್ಲಿ ಜೋಡಿಸಿ ಕೊಡುತ್ತದೆ. 1998ರಲ್ಲಿ ಗೂಗಲ್ ಸ್ಥಾಪಕರು ವಿವರಿಸಿದ ‘ಪೇಜ್‌ರ‍್ಯಾಂಕ್’ ವಿಧಾನದಲ್ಲಿ, ಒಂದು ಪುಟಕ್ಕೆ ಬೇರೆ ಪುಟಗಳಿಂದ ಬರುವ ಕೊಂಡಿಗಳನ್ನು ಮತಗಳಂತೆ ಎಣಿಸಲಾಗುತ್ತಿತ್ತು. ತೂಕವುಳ್ಳ ಪುಟದ ಮತಕ್ಕೆ ಹೆಚ್ಚು ಬೆಲೆ. ಇಂದು ಇದರ ಜೊತೆಗೆ ಇನ್ನೂ ಹತ್ತಾರು ಅಂಶಗಳು ಸೇರಿವೆ. ಹೀಗಾಗಿ ಮೊದಲ ಸ್ಥಾನದಲ್ಲಿರುವ ಪುಟ ಹೆಚ್ಚು ಜನಪ್ರಿಯವೋ ಹೆಚ್ಚು ಹೊಂದಾಣಿಕೆಯುಳ್ಳದ್ದೋ ಆಗಿರಬಹುದು. ಅದೇ ಹೆಚ್ಚು ಸತ್ಯವೆಂದು ಯಾರೂ ಮುದ್ರೆ ಒತ್ತಿರುವುದಿಲ್ಲ. ‘ಪ್ರಾಯೋಜಿತ’ ಎಂಬ ಸಣ್ಣ ಪದವಿದ್ದರೆ ಆ ಸ್ಥಾನಕ್ಕೆ ಹಣ ಸಂದಿದೆ ಎಂದರ್ಥ.

ಹುಡುಕುವ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದೇ ಪದಗಳು ಅದೇ ಕ್ರಮದಲ್ಲಿರುವ ಪುಟಗಳು ಬರುತ್ತವೆ; ಬೇಡದ ಪದ ಶುರುವಾಗುವ ಮೊದಲು, ಅದಕ್ಕೆ ಅಂಟಿಸಿ, ಒಂದು ಕಳೆಯುವ ಚಿಹ್ನೆ (-) ಹಾಕಿದರೆ ಆ ಪದವಿರುವ ಪುಟಗಳು ಬಿಟ್ಟುಹೋಗುತ್ತವೆ. ಈ ಎರಡು ಸಣ್ಣ ಉಪಾಯಗಳೇ ಅರ್ಧ ಹುಡುಕಾಟವನ್ನು ಉಳಿಸುತ್ತವೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಸಿಕ್ಕಿದ ಪುಟವನ್ನು ನಂಬಬೇಕೇ ಬೇಡವೇ ಎಂದು ತೀರ್ಮಾನಿಸುವುದು ಈ ಇಡೀ ವಿಷಯದ ಹೃದಯಭಾಗ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಹತ್ತಿರದಿಂದ ತೋರಿಸುತ್ತದೆ. ಅವರು 10 ಮಂದಿ ಇತಿಹಾಸಕಾರರನ್ನು, ಸುದ್ದಿ ನಿಜವೇ ಎಂದು ಪರಿಶೀಲಿಸುವ 10 ಮಂದಿ ವೃತ್ತಿನಿರತ ಸತ್ಯಶೋಧಕರನ್ನು, 25 ಮಂದಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಮಕ್ಕಳ ವೈದ್ಯರ ಎರಡು ಸಂಘಗಳ ಜಾಲತಾಣಗಳಲ್ಲಿ ಯಾವುದು ಹೆಚ್ಚು ವಿಶ್ವಾಸಾರ್ಹ ಎಂಬುದು ಕೇಳಿದ ಪ್ರಶ್ನೆಗಳಲ್ಲೊಂದು. ಒಂದು, 1930ರಲ್ಲಿ ಸ್ಥಾಪನೆಯಾಗಿ ಅರವತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿರುವ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್; ಇನ್ನೊಂದು, ಅದರಿಂದ 2002ರಲ್ಲಿ ಸಿಡಿದು ಹೊರಬಂದ ಸಣ್ಣ ಗುಂಪು, ಹೆಸರು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಶಿಯನ್ಸ್. ಹೆಸರುಗಳು ಅಣ್ಣತಮ್ಮಂದಿರಂತಿವೆ. ಎರಡೂ ಪುಟಗಳು ಅಚ್ಚುಕಟ್ಟಾಗಿದ್ದವು.

ಸತ್ಯಶೋಧಕರೆಲ್ಲರೂ ಮೊದಲನೆಯದನ್ನು ಆರಿಸಿದರು. ಇತಿಹಾಸಕಾರರಲ್ಲಿ ಅರ್ಧದಷ್ಟು ಮಂದಿ, ವಿದ್ಯಾರ್ಥಿಗಳಲ್ಲಿ ಐದನೇ ಒಂದು ಭಾಗ ಮಾತ್ರ ಹಾಗೆ ಮಾಡಿದರು. ಇತಿಹಾಸಕಾರರು ಜೀವನವಿಡೀ ದಾಖಲೆಗಳನ್ನು ಪರಾಂಬರಿಸುವ ಪಂಡಿತರು ಎಂಬುದನ್ನು ನೆನೆದರೆ ಫಲಿತಾಂಶ ಬೆರಗು ಹುಟ್ಟಿಸುತ್ತದೆ. ವ್ಯತ್ಯಾಸವಿದ್ದದ್ದು ಓದುವ ದಿಕ್ಕಿನಲ್ಲಿ. ವಿದ್ಯಾರ್ಥಿಗಳೂ ಇತಿಹಾಸಕಾರರೂ ಪುಟವನ್ನು ಮೇಲಿನಿಂದ ಕೆಳಗೆ ಓದಿದರು. ಲಾಂಛನ, ಭಾಷೆ, ಕೊನೆಯ ಉಲ್ಲೇಖಗಳ ಪಟ್ಟಿ ಇವನ್ನೆಲ್ಲ ಗಮನಿಸಿದರು. ಸತ್ಯಶೋಧಕರು ಪುಟವನ್ನು ಕೆಲವೇ ಕ್ಷಣ ನೋಡಿ, ಅದನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದು ಈ ಸಂಘದ ಬಗ್ಗೆ ಇತರರು ಏನು ಹೇಳುತ್ತಾರೆ ಎಂದು ನೋಡಿದರು. ಈ ಅಡ್ಡಡ್ಡ ಓದೇ ಅವರನ್ನು ಗೆಲ್ಲಿಸಿತು. ನಿತ್ಯದ ಬಾಳಿನಲ್ಲಿ ನಾವೂ ಇದನ್ನೇ ಮಾಡುತ್ತೇವೆ: ಗುರುತಿಲ್ಲದವರು ಬಂದು ಸಾಲ ಕೇಳಿದರೆ ಅವರ ಅಂಗಿಯ ಇಸ್ತ್ರಿ ನೋಡಿ ಕೊಡುವುದಿಲ್ಲ, ಅವರನ್ನು ಬಲ್ಲ ನಾಲ್ವರನ್ನು ವಿಚಾರಿಸುತ್ತೇವೆ.

ಅಮೆರಿಕದ ಮೈಕ್ ಕಾಲ್‌ಫೀಲ್ಡ್ ಇದನ್ನೇ 2019ರಲ್ಲಿ ನಾಲ್ಕು ಹೆಜ್ಜೆಗಳ ಸರಳ ವಿಧಾನವಾಗಿ ರೂಪಿಸಿದರು: ಮೊದಲು ನಿಲ್ಲಿ, ಮೂಲ ಯಾರೆಂದು ವಿಚಾರಿಸಿ, ಅದೇ ಸುದ್ದಿಯ ಉತ್ತಮ ವರದಿ ಬೇರೆಡೆ ಇದೆಯೇ ನೋಡಿ, ಮಾತನ್ನೋ ಚಿತ್ರವನ್ನೋ ಅದು ಹುಟ್ಟಿದ ಜಾಗದವರೆಗೆ ಹಿಂಬಾಲಿಸಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆಗೆ ಇಷ್ಟು ಹತ್ತಿರದ ಪಾಠಕ್ರಮ ಇನ್ನೊಂದಿಲ್ಲ.

ಉತ್ತರ ಬರೆಯುವ ಯಂತ್ರ

ಚಾಟ್‌ಜಿಪಿಟಿಯಂಥ ಸಾಧನಗಳು ಈ ಪರಿಶೀಲನೆಗೆ ಹೊಸ ತೊಡಕೊಂದನ್ನು ತಂದಿವೆ. ಅವು ಅಪಾರ ಬರಹಗಳನ್ನು ಆಧರಿಸಿ, ಇಲ್ಲಿಯವರೆಗಿನ ಮಾತಿನ ನಂತರ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕಹಾಕಿ ವಾಕ್ಯ ಹೆಣೆಯುತ್ತವೆ. ಹಾಗಾಗಿ ಸರಿಯುತ್ತರಕ್ಕೂ ತಪ್ಪುತ್ತರಕ್ಕೂ ಒಂದೇ ನಯ, ಒಂದೇ ಆತ್ಮವಿಶ್ವಾಸ. ಪುಸ್ತಕದ, ಲೇಖನದ ಉಲ್ಲೇಖ ಕೇಳಿದರೆ ಎಲ್ಲೂ ಇಲ್ಲದ ಶೀರ್ಷಿಕೆಯನ್ನು ನಿಜವಾದ ಲೇಖಕರ ಹೆಸರಿಗೆ ಜೋಡಿಸಿ ಕೊಟ್ಟ ಉದಾಹರಣೆಗಳಿವೆ. 2023ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದಕ್ಕೆ ವಕೀಲರು ಯಂತ್ರ ಹೆಣೆದುಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ಆಧಾರವಾಗಿ ಸಲ್ಲಿಸಿ 5,000 ಡಾಲರ್ ದಂಡ ತೆತ್ತರು.

ವಿದ್ಯಾರ್ಥಿಗೆ ಇಲ್ಲಿರುವ ರಕ್ಷಣೆ ಸರಳವಾದದ್ದು. ಬಹಳಷ್ಟು ಸಂಶೋಧನ ಲೇಖನಗಳಿಗೆ ‘ಡಿಒಐ’ ಎಂಬ ಶಾಶ್ವತ ಗುರುತು ಇರುತ್ತದೆ. ಅದನ್ನು ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿದರೆ ಆ ಲೇಖನದ ಪುಟವೇ ತೆರೆದುಕೊಳ್ಳಬೇಕು. ತೆರೆಯದಿದ್ದರೆ, ಅಥವಾ ಬೇರೆಯೇ ಲೇಖನ ತೆರೆದರೆ, ಉಲ್ಲೇಖವನ್ನು ಅನುಮಾನಿಸಬೇಕು. ಪುಸ್ತಕವಾದರೆ ಗ್ರಂಥಾಲಯದ ಸೂಚಿಯಲ್ಲಿ ಹುಡುಕಿ ನೋಡಬೇಕು.

ಗ್ರಂಥಾಲಯಕ್ಕೆ ಇಲ್ಲಿ ಏನು ಕೆಲಸ?

ಎಲ್ಲವೂ ಫೋನಿನಲ್ಲಿರುವಾಗ ಗ್ರಂಥಾಲಯ ಏಕೆ ಎಂದು ಕೇಳುವವರಿದ್ದಾರೆ. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಇಲ್ಲಿ ನೆನೆಯಬಹುದು: ಪುಸ್ತಕಗಳಿರುವುದು ಬಳಕೆಗಾಗಿ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯವನ್ನು ಉಳಿಸಬೇಕು, ಗ್ರಂಥಾಲಯ ಬೆಳೆಯುವ ಜೀವಿ. ಪುಸ್ತಕ ಎಂಬಲ್ಲಿ ಮಾಹಿತಿ ಎಂದು ಹಾಕಿಕೊಂಡರೆ ಐದೂ ಇಂದಿಗೆ ಹೊಂದುತ್ತವೆ. ಮಾಹಿತಿಯ ರಾಶಿ ಬೆಳೆದಷ್ಟೂ ನಾಲ್ಕನೆಯದರ ಬೆಲೆ ಏರುತ್ತದೆ.

ಅನುಭವಿ ಗ್ರಂಥಪಾಲಕರು ಪ್ರಶ್ನೆಗೆ ನೇರವಾಗಿ ಉತ್ತರಿಸುವುದಕ್ಕಿಂತ ಮೊದಲು ಮರುಪ್ರಶ್ನೆ ಕೇಳುತ್ತಾರೆ. ‘ಕಂಪ್ಯೂಟರ್ ಪುಸ್ತಕ ಇದೆಯೇ?’ ಎಂದು ಬಂದವರಿಗೆ, ‘ಯಾವ ಕೆಲಸಕ್ಕೆ ಬೇಕಿತ್ತು?’ ಎಂದು ಕೇಳಿದರೆ, ಅವರಿಗೆ ಬೇಕಿದ್ದದ್ದು ಒಂದು ಉದ್ಯೋಗದ ಅರ್ಜಿಯನ್ನು ಟೈಪ್ ಮಾಡಿ ಕಳಿಸುವ ದಾರಿ ಎಂದು ಹೊರಬರಬಹುದು. ಆಗ ಬೇಕಾದದ್ದು ಪುಸ್ತಕವಲ್ಲ, ಪಕ್ಕದಲ್ಲಿ ಕುಳಿತು ಅರ್ಧ ಗಂಟೆ ಹೇಳಿಕೊಡುವವರು. ಸರ್ಚ್ ಎಂಜಿನ್ ಕೇಳಿದ ಪದಕ್ಕೆ ಉತ್ತರ ಕೊಡುತ್ತದೆ. ಗ್ರಂಥಪಾಲಕರು ಕೇಳಲಾಗದ ಪ್ರಶ್ನೆಯನ್ನೂ ಹೊರತೆಗೆಯುತ್ತಾರೆ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ ಮತ್ತು ಯುನೆಸ್ಕೊ ಜಂಟಿಯಾಗಿ 1994ರಲ್ಲಿ ಪ್ರಕಟಿಸಿದ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯನ್ನು 2022ರಲ್ಲಿ ಪರಿಷ್ಕರಿಸಿದಾಗ ಡಿಜಿಟಲ್ ಸಾಕ್ಷರತೆಗೆ ಅದರಲ್ಲಿ ಸ್ಥಾನ ದೊರೆತದ್ದು ಈ ಹಿನ್ನೆಲೆಯಲ್ಲೇ.

ಗ್ರಂಥಾಲಯದ ಇ-ಪುಸ್ತಕಕ್ಕೆ ಸರದಿ ಇರುವುದು ಓದುಗರನ್ನು ಬಹಳ ಕಾಡುವ ಇನ್ನೊಂದು ಒಗಟು. ಫೈಲನ್ನು ಸಾವಿರ ಪ್ರತಿ ಮಾಡಬಹುದಾದರೂ ‘ಎಲ್ಲ ಪ್ರತಿಗಳೂ ಎರವಲು ಹೋಗಿವೆ’ ಎಂಬ ಉತ್ತರ ಬರುತ್ತದೆ. ಮುದ್ರಿತ ಪುಸ್ತಕವನ್ನು ಗ್ರಂಥಾಲಯ ಕೊಂಡರೆ ಅದು ಗ್ರಂಥಾಲಯದ ಸ್ವತ್ತು. ಇ-ಪುಸ್ತಕವನ್ನು ಸಾಮಾನ್ಯವಾಗಿ ಕೊಳ್ಳುವುದಲ್ಲ, ಅದರ ಬಳಕೆಗೆ ಪರವಾನಗಿ ಪಡೆಯುವುದು. ಒಂದು ಪರವಾನಗಿಗೆ ಒಂದು ಹೊತ್ತಿಗೆ ಒಬ್ಬ ಓದುಗ ಎಂಬ ಷರತ್ತು ಸಾಮಾನ್ಯ. 2011ರಲ್ಲಿ ಒಂದು ದೊಡ್ಡ ಪ್ರಕಾಶನ ಸಂಸ್ಥೆ 26 ಬಾರಿ ಎರವಲು ಕೊಟ್ಟ ಮೇಲೆ ಪರವಾನಗಿ ಮುಗಿಯುತ್ತದೆ, ಮತ್ತೆ ಹಣ ಕಟ್ಟಬೇಕು ಎಂದು ನಿಯಮ ಮಾಡಿತು. ಕಾಗದದ ಪುಸ್ತಕವೂ ಅಷ್ಟರಲ್ಲಿ ಸವೆಯುತ್ತದೆ ಎಂಬುದು ಅದರ ವಾದವಾಗಿತ್ತು. ಸವೆಯದ ವಸ್ತುವಿಗೆ ಸವೆತವನ್ನು ಕಾಗದಪತ್ರದಲ್ಲಿ ಹುಟ್ಟಿಸಿದ ಈ ತರ್ಕ ಗ್ರಂಥಪಾಲಕರಿಗೆ ಹಿಡಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಪರವಾನಗಿಯ ಹಂಗಿಲ್ಲದ ಸಂಪತ್ತೂ ಇದೆ. ಮೈಕೆಲ್ ಹಾರ್ಟ್ 1971ರಲ್ಲಿ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಉಚಿತವಾಗಿ ಕೊಡುತ್ತದೆ. ಲೇಖಕರೇ ಮರುಬಳಕೆಗೆ ಅನುಮತಿ ಕೊಟ್ಟ ಪಠ್ಯ, ಚಿತ್ರ, ಪಾಠಗಳಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು 2002ರಲ್ಲಿ ಯುನೆಸ್ಕೊ ಸಭೆಯೊಂದರಲ್ಲಿ ಬಂತು. ಇವುಗಳ ಮೇಲಿರುವ ‘ಕ್ರಿಯೇಟಿವ್ ಕಾಮನ್ಸ್’ ಗುರುತು ಹಂಚಬಹುದೇ, ತಿದ್ದಬಹುದೇ, ಮಾರಬಹುದೇ ಎಂಬುದನ್ನು ತಿಳಿಸುತ್ತದೆ. ಉಚಿತವಾಗಿ ನೋಡಲು ಸಿಕ್ಕಿದ್ದೆಲ್ಲ ಮುಕ್ತವಲ್ಲ ಎಂಬ ಸೂಕ್ಷ್ಮವನ್ನು ಶಿಕ್ಷಕರು ಪಾಠದಲ್ಲಿ ಚಿತ್ರ ಬಳಸುವಾಗ ಗಮನಿಸಬೇಕಾಗುತ್ತದೆ.

ಕಾಣೆಯಾಗುವ ಪುಟಗಳು

ಕೊನೆಯದಾಗಿ, ಆನ್‌ಲೈನ್ ಓದಿಗೇ ವಿಶಿಷ್ಟವಾದ ಒಂದು ತೊಂದರೆ: ಇಂದು ಓದಿದ ಪುಟ ನಾಳೆ ಅಲ್ಲಿ ಇಲ್ಲದಿರಬಹುದು. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನ ಕೇಂದ್ರ 2024ರಲ್ಲಿ ವರದಿ ಮಾಡಿತು. 1996ರಲ್ಲಿ ಬ್ರೂಸ್ಟರ್ ಕೇಲ್ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್, ‘ವೇಬ್ಯಾಕ್ ಮಷೀನ್’ ಎಂಬ ತನ್ನ ಸೇವೆಯಲ್ಲಿ ಹಳೆಯ ಪುಟಗಳ ಪ್ರತಿಗಳನ್ನು ದಿನಾಂಕದೊಂದಿಗೆ ಕಾಯ್ದಿಡುತ್ತದೆ. ತೆರೆಯದ ಕೊಂಡಿಯನ್ನು ಅಲ್ಲಿ ಹಾಕಿದರೆ ಹಳೆಯ ಪ್ರತಿ ಸಿಗುವ ಸಾಧ್ಯತೆ ಇರುತ್ತದೆ. ಇಂದಿನ ಪುಟವನ್ನು ಮುಂದಿನವರಿಗಾಗಿ ನಾವೇ ಅಲ್ಲಿ ಉಳಿಸಲೂ ಬಹುದು. ಪ್ರಬಂಧವೋ ಯೋಜನಾ ವರದಿಯೋ ಬರೆಯುವವರು ಜಾಲಪುಟವನ್ನು ಉಲ್ಲೇಖಿಸುವಾಗ ಲೇಖಕರ ಹೆಸರು, ಶೀರ್ಷಿಕೆ ಮತ್ತು ವಿಳಾಸದ ಜೊತೆಗೆ ತಾವು ಅದನ್ನು ನೋಡಿದ ದಿನಾಂಕವನ್ನೂ ಬರೆದಿಡಬೇಕೆಂದು ಶಿಕ್ಷಕರು ಒತ್ತಾಯಿಸುವುದು ಇದೇ ಕಾರಣಕ್ಕೆ.